ವಿಮಾನ ದಾಟಲಿ, ತಡಿ

ಫೆಬ್ರವರಿ ೩, ಸೋಮವಾರ

ಅಣ್ಣನ ಮನೆ ತಲುಪಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ನನ್ನ ಇಡೀ ಜನ್ಮವೃತ್ತಾಂತ ಹೇಳಿದೆ. ಪಾಪ, ಅವಳು ತನ್ನ ಊರು ಬರುವ ಮೊದಲೇ ಇಳಿದುಬಿಟ್ಟಳೆಂದು ಅನುಮಾನ. ಏನು ಮಾಡಲಿ? ನನ್ನ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ, ಅದು ತನ್ನದನ್ನು ಹೇಳುತ್ತದೆಯೇ ಹೊರತು ನನ್ನದನ್ನು ಕೇಳುವುದಿಲ್ಲ. ಮೊದಲಾದರೆ ಚಿಕ್ಕಮ್ಮನಿಗೆ, ಅಕ್ಕನಿಗೆ, ಅತ್ತಿಗೆಗೆ ಉದ್ದುದ್ದ ಕಾಗದ ಬರೆಯುತ್ತಿದ್ದೆ. ಓದುವವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು, ಬರೆಯುವ ಚಟ ಮಾತ್ರ ಕೈಬಿಡಲಿಲ್ಲ. ಅದಕ್ಕೇ ಈ ದಿನಚರಿ. ನನಗೆ ನಾನೇ ಹಾಕಿಕೊಳ್ಳುವ ಕಾಗದ.

ಇರಲಿ, ವಿಷಯಕ್ಕೆ ಬರುತ್ತೇನೆ. ಅತ್ತಿಗೆ ತೀರಿಕೊಂಡ ಮೇಲೆ, ಚಳಿ ಶುರುವಾಗುವ ಹೊತ್ತಿಗೆ, ಅಣ್ಣ ಮಾತು ನಿಲ್ಲಿಸಿದನಂತೆ. ನಿಲ್ಲಿಸಿದ ಎಂದರೆ ಪೂರ್ತಿ, ನಲ್ಲಿ ತಿರುಗಿಸಿದ ಹಾಗೆ. ಅವನ ಮಗ ಬಾಗಿಲಲ್ಲೇ ನನ್ನ ಚೀಲ ಇಸಿದುಕೊಂಡು ಪಿಸುಗುಟ್ಟಿದ: "ಅತ್ತೆ, ಡಾಕ್ಟರು ಇದು ಮರೆವಿನ ಕಾಯಿಲೆ ಶುರು ಅಂತಾರೆ. ನಾನು ಡ್ರೈವಿಂಗ್ ಸ್ಕೂಲಲ್ಲಿ, ಇವಳು ಶಾಲೆ ವ್ಯಾನ್ ಓಡಿಸ್ತಾಳೆ. ಮೊನ್ನೆ ಕುಕ್ಕರು ಕೂಗೀ ಕೂಗೀ ಸೀದು ಕರಿಕಲಾಗಿದೆ, ಅಪ್ಪ ಪಕ್ಕದಲ್ಲೇ ಕೂತಿದ್ದಾರೆ! ಒಂದು ಆರೈಕೆ ಮನೆ ನೋಡಿದೀನಿ. ಮಾರ್ಚ್ ಒಂದನೇ ತಾರೀಖು ರೂಮು ಖಾಲಿಯಾಗುತ್ತೆ." ಹೇಳುತ್ತ ಹೇಳುತ್ತ ಹುಡುಗ ನನ್ನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

ನಾನು ಒಳಗೆ ಹೋಗಿ, "ಏನಣ್ಣ, ಹೇಗಿದೀಯ?" ಎಂದೆ. ಅಣ್ಣ ನನ್ನನ್ನು ಕಂಡು ಅರಳಿದ. ಬಾಯಿ ತೆರೆದ. ಆಮೇಲೆ ಬಸ್ಸು ನಿಲ್ಲಿಸುವವನ ಹಾಗೆ ಅಂಗೈ ಎತ್ತಿ ಹಿಡಿದು ತಾರಸಿ ನೋಡುತ್ತ ಕೂತ. ಅಷ್ಟು ದೂರದಿಂದ ಬಂದ ತಂಗಿಗೆ ಅಂಗೈ! ನನಗೂ ರೋಷ ಬಂತು. ಮಾರ್ಚ್ ಒಂದರೊಳಗೆ ಇವನ ಬಾಯಿ ಬಿಡಿಸದಿದ್ದರೆ ನಾನು ನಮ್ಮಮ್ಮನ ಮಗಳೇ ಅಲ್ಲ.

ಬಚ್ಚಲಿನ ಟ್ಯೂಬ್‌ಲೈಟು ಕಣ್ಣು ಹೊಡೆಯುತ್ತದೆ. ಸ್ನಾನಕ್ಕೆ ಹೋದರೆ ಮದುವೆ ಮನೆಗೆ ಹೋದಂತಾಗುತ್ತದೆ.

ಫೆಬ್ರವರಿ ೫, ಬುಧವಾರ

ಅಣ್ಣನದು ಹೊಲಿಗೆ ಯಂತ್ರ ರಿಪೇರಿ. ಮನೆಯ ಕೆಳಗೇ ಅಂಗಡಿ. ಈವತ್ತು ದರ್ಜಿಯೊಬ್ಬ ತನ್ನ ಯಂತ್ರ ಹೊತ್ತು ತಂದು, "ದಾರ ಕಿತ್ತು ಕಿತ್ತು ಬರ್ತಿದೆ ಯಜಮಾನ್ರೇ" ಎಂದ. ಅಣ್ಣ ಸೂಜಿಯಡಿಯ ತಟ್ಟೆ ಬಿಚ್ಚಿ, ಬಟ್ಟೆ ಎಳೆಯುವ ಹಲ್ಲುಗಳ ನಡುವಿನ ನೂಲಿನ ಕಸವನ್ನು ಸೂಜಿಯಿಂದ ಎತ್ತಿ, ಬಾಬಿನ್ನಿನ ಅಂಚು ಉಜ್ಜಿ, ಉದ್ದ ಮೂತಿಯ ಡಬ್ಬಿಯಿಂದ ಒಂದು ತೊಟ್ಟು ಎಣ್ಣೆ ಬಿಟ್ಟು, ಚಿಂದಿಯ ಮೇಲೆ ಒಂದು ಗೆರೆ ಹೊಲಿದು ತೋರಿಸಿದ. ಎಲ್ಲ ಮೂಕಾಭಿನಯ. ಮರೆವಿನವನ ಕೈ ಹೀಗೆ ಓಡುತ್ತದೆಯೇ?

ದರ್ಜಿ ಹೋದ ಮೇಲೆ ಸ್ಟೂಲು ಎಳೆದು ಎದುರಿಗೆ ಕೂತೆ. ಇವನನ್ನು ಕೆಣಕುವುದಕ್ಕೆ ಒಂದೇ ದಾರಿ. "ಅಣ್ಣ, ಬೇಲಿ ಪಕ್ಕದ ಮನೆ ಜ್ಞಾಪಕ ಇದೆಯಾ?" ಎಂದು ಕೂಗಿದೆ. ಕಣ್ಣು ಹೊಳೆಯಿತು!

ಯುದ್ಧದ ಕಾಲದಲ್ಲಿ ನಮ್ಮ ಮನೆ ಇದ್ದದ್ದು ವಾಯುಪಡೆಯ ಬಯಲಿಗೆ ಅಂಟಿಕೊಂಡು. ಅಡಿಗೆಮನೆಯ ಕಿಟಕಿ, ಬೇಲಿ, ಆಚೆ ವಿಮಾನ. ಅಪ್ಪ ಅಲ್ಲಿ ನೀರಿನ ಲಾರಿ ಓಡಿಸುತ್ತಿದ್ದ, ಅಮ್ಮ ಅಲ್ಲಿನವರ ಬಟ್ಟೆ ಒಗೆಯುತ್ತಿದ್ದಳು. ಓಡುದಾರಿಯ ತುದಿ ನಮ್ಮ ಸೂರಿಗೇ ಗುರಿ ಇಟ್ಟಂತಿತ್ತು. ವಿಮಾನ ಎದ್ದಾಗಲೆಲ್ಲ ಅಟ್ಟಣೆಯ ಮೇಲಿನ ತಟ್ಟೆಗಳು ಕವಾಯತು ಮಾಡುತ್ತ ಅಂಚಿಗೆ ಬರುತ್ತಿದ್ದವು. ಕೋಳಿಗಳು ನೆಲಕ್ಕೆ ಅಪ್ಪಚ್ಚಿ. ನಮಗೋ ಆನಂದ! ಶಾಲೆಯ ಕಟ್ಟಡವನ್ನು ಸೈನಿಕರ ವಸತಿಗೆ ಕೊಟ್ಟದ್ದರಿಂದ ಓದೂ ಇಲ್ಲ. ಇಸ್ತ್ರಿ ಬಟ್ಟೆ ಸುತ್ತುತ್ತಿದ್ದ ಹಳೇ ಪೇಪರುಗಳಲ್ಲೇ ನಾನು ಓದು ಕಲಿತದ್ದು. ಅರ್ಧ ಹರಿದ ಸುದ್ದಿಗಳೇ ನನ್ನ ಪಾಠ, ಉಳಿದರ್ಧ ನನ್ನ ಕಲ್ಪನೆ.

ಮನೆಯಲ್ಲಿ ಅಪ್ಪನದೊಂದು ಕಾನೂನಿತ್ತು. ವಿಮಾನದ ಮೇಲೆ ಯಾರೂ ಕಿರುಚಬಾರದು. ತಲೆ ಮೇಲೆ ಬಂದಾಗ ಮಾತು ಎಲ್ಲಿದೆಯೋ ಅಲ್ಲೇ ನಿಲ್ಲಿಸಬೇಕು, ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸಬೇಕು. ಮೊದಲಿಂದ ಶುರುಮಾಡಿದವನ ಸರದಿ ಹೋಯಿತು. ಬೈಗುಳಕ್ಕೂ ಇದೇ ಕಾನೂನು. ಅಪ್ಪ "ಕತ್ತೆ" ಎನ್ನುವಷ್ಟರಲ್ಲಿ ವಿಮಾನ ಬರುತ್ತಿತ್ತು. ಅದು ದಾಟಿ "ಮಗನೇ" ಎನ್ನುವಷ್ಟರಲ್ಲಿ ಅಣ್ಣ ಹಿತ್ತಿಲು ದಾಟಿರುತ್ತಿದ್ದ.

ಇಷ್ಟನ್ನೂ ಹೇಳಿದೆ. ಅಣ್ಣನ ಭುಜ ಕುಲುಕಿತು. ನಗು, ಆದರೆ ಸದ್ದಿಲ್ಲ. "ಏನಾದ್ರೂ ಹೇಳೋ!" ಎಂದೆ. ಮತ್ತೆ ಅಂಗೈ.

ಫೆಬ್ರವರಿ ೮, ಶನಿವಾರ

ಈವತ್ತು ಬಿಳಿ ಬಟ್ಟೆಯ ಪ್ರಕರಣವನ್ನು ಅಭಿನಯಿಸಿ ತೋರಿಸಿದೆ. ಬರೀ ಬಾಯಲ್ಲಿ ಹೇಳಿದರೆ ಅವನು ನನ್ನ ತುಟಿಯನ್ನೇ ದಿಟ್ಟಿಸುತ್ತಾನೆ, ಆಟ ಕಟ್ಟಿದರೆ ಖುಷಿಪಡುತ್ತಾನೆ.

ಮೇಲಧಿಕಾರಿಯ ಅಪ್ಪಣೆ ಬಂದಿತ್ತು: ಬಯಲಿನ ಸುತ್ತ ಯಾರೂ ಬಿಳಿ ಬಟ್ಟೆ ಒಣಹಾಕಬಾರದು, ಶತ್ರುವಿಗೆ ಮೇಲಿನಿಂದ ಗುರುತು ಸಿಗುತ್ತದೆ. ಅಮ್ಮ ಒಗೆಯುತ್ತಿದ್ದದ್ದೇ ಬಿಳಿ! ಒಂದು ದಿನ ತಲೆ ಕೆರೆದುಕೊಂಡಳು. ಮಾರನೆಯ ದಿನ ಹಸಿರು ಬಣ್ಣದ ಪುಡಿ ತಂದು, ದೊಡ್ಡ ಹಂಡೆಯಲ್ಲಿ ಕುದಿಸಿ, ಇದ್ದಬದ್ದ ಬಿಳಿಯನ್ನೆಲ್ಲ ಅದರೊಳಕ್ಕೆ ತಳ್ಳಿದಳು. ಮಂಚದ ಹಾಸು, ಅಡಿಗೆಯವರ ಮುಂಬಟ್ಟೆ, ಸಾಹೇಬರುಗಳ ಕವಾಯತಿನ ಬಿಳಿ ಉಡುಪು, ಕೈಗವಸು, ಕೊನೆಗೆ ಅಣ್ಣನ ಚಡ್ಡಿ. ಮರುದಿನ ಕವಾಯತು ನೋಡಬೇಕಿತ್ತು! ಸೊಪ್ಪಿನ ಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ.

ಅಪ್ಪಣೆ ಹೊರಡಿಸಿದ ಆ ಮೇಲಧಿಕಾರಿ, ನಮ್ಮ ಬಾಯಲ್ಲಿ ಮೀಸೆ ಸಾಹೇಬ, ಕೆಂಡವಾಗಿ ನಮ್ಮ ಬಾಗಿಲಿಗೆ ಬಂದ. "ಏನಮ್ಮ ಇದು?"

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಬಿಳಿ ಒಣಹಾಕಬೇಡಿ ಅಂದ್ರಿ. ಈಗ ಹಗ್ಗದ ಮೇಲೆ ಒಂದಾದ್ರೂ ಬಿಳಿ ಇದೆಯಾ, ತೋರಿಸಿ."

ಸಾಹೇಬ ಗುಡುಗಲು ಬಾಯಿ ತೆರೆದ, ವಿಮಾನ ಬಂತು. ಅಮ್ಮ ಅಂಗೈ ಎತ್ತಿ ಅವನ ಮುಖಕ್ಕೆ ಹಿಡಿದಳು: ತಡಿ. ಅಷ್ಟು ದೊಡ್ಡ ಸಾಹೇಬ, ತೆರೆದ ಬಾಯಿ ತೆರೆದಂತೆಯೇ ನಿಂತ. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲ ದಾಟುವಷ್ಟರಲ್ಲಿ ಅವನ ಸಿಟ್ಟು ತಣ್ಣಗಾಗಿತ್ತು. ತನ್ನ ಹಸಿರು ಕೈಗವಸು ನೋಡಿಕೊಂಡು ಪಕ್ಕನೆ ನಕ್ಕುಬಿಟ್ಟ.

ಅಣ್ಣ ಕಣ್ಣೊರೆಸಿಕೊಂಡು ನಕ್ಕ. ನನಗೂ ಎಷ್ಟು ಹಗುರವಾಯಿತೆಂದರೆ ರಾತ್ರಿ ಊಟ ಎರಡನೆಯ ಸಲ ಬಡಿಸಿಕೊಂಡೆ.

ಫೆಬ್ರವರಿ ೯, ಭಾನುವಾರ

ಮೇಕೆಯಾಗಿದ್ದೆ. ಮಂಡಿ ಹಿಡಿದುಕೊಂಡಿದೆ. ಸೊಸೆ ಮುಲಾಮು ಹಚ್ಚಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬಯಲಿನ ಆಚೆ ತುದಿಯಲ್ಲಿ ನಿಂತಿದ್ದವೆಲ್ಲ ಸುಳ್ಳು ವಿಮಾನಗಳು. ಶತ್ರು ಏಮಾರಲಿ ಎಂದು ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಬಣ್ಣ ಬಳಿದವು. ಬಟ್ಟೆ ಸೆಟೆದು ನಿಲ್ಲಲೆಂದು ಅದಕ್ಕೆ ಗಂಜಿ ಹಾಕಿದವಳು ಅಮ್ಮ. ಅಮ್ಮನ ಗಂಜಿಯ ರುಚಿ ಶತ್ರುವಿಗೆ ಗೊತ್ತಾಗಲಿಲ್ಲ, ನಮ್ಮ ಮೇಕೆಗೆ ಗೊತ್ತಾಯಿತು. ಬೇಲಿ ನುಗ್ಗಿ ಒಂದು ಇಡೀ ರೆಕ್ಕೆ ತಿಂದು ಮುಗಿಸಿತು. ಕಾವಲಿನವನು ಓಡಿ ಬಂದು ತಲೆ ಮೇಲೆ ಕೈ ಹೊತ್ತು, "ಅಯ್ಯೋ, ಮೇಲಿನವರಿಗೆ ಏನಂತ ಹೇಳ್ಲಿ? ಮೇಕೆ ವಿಮಾನ ತಿಂತು ಅಂದ್ರೆ ನನ್ನ ತಲೆಗೇ ಔಷಧಿ ಕೊಡಿಸ್ತಾರೆ!" ಎಂದು ಅತ್ತ.

ಇದನ್ನು ಮಾಡಿ ತೋರಿಸಲು ನಾನು ನಾಲ್ಕೂ ಕಾಲಿನ ಮೇಲೆ ನಿಂತು ಕಿಟಕಿಯ ಪರದೆ ಕಚ್ಚಿ ಎಳೆಯುವಾಗ ಸೊಸೆ ಬಾಗಿಲು ತೆಗೆದು ಒಳಗೆ ಬಂದಳು.

"ಚಿಕ್ಕತ್ತೆ, ಡಾಕ್ಟರಿಗೆ ಮಾವನೊಬ್ಬರನ್ನೇ ತೋರಿಸಿದ್ದು ತಪ್ಪಾಯ್ತು ಅನ್ಸುತ್ತೆ" ಎಂದಳು.

ಫೆಬ್ರವರಿ ೧೨, ಬುಧವಾರ

ಡಾಕ್ಟರ ಬಳಿ ಹೋಗಿದ್ದೆವು. "ಇದು ಯಾವ ತಿಂಗಳು? ನಿಮ್ಮ ಮಗನ ಹೆಸರೇನು?" ಎಂದು ಕೇಳಿದರು. ಅಣ್ಣ ಅಂಗೈ ಎತ್ತಿ ಸೂರು ನೋಡಿದ. ಡಾಕ್ಟರು ತಲೆ ಆಡಿಸಿ ಏನೋ ಬರೆದರು. ಬರುವಾಗ ಕಾರಿನಲ್ಲಿ ಸೊಸೆ ಅಂಗಡಿಗಳ ಬೋರ್ಡು ಓದುತ್ತ ಕೂತಳು. ನಾನೂ.

ಫೆಬ್ರವರಿ ೧೬, ಭಾನುವಾರ

ಹುಡುಗ ಅಣ್ಣನ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಲು ಶುರುಮಾಡಿದ್ದಾನೆ. ಅಂಗಿಗಳನ್ನು ನಾನೇ ಮಡಿಸಿಕೊಟ್ಟೆ. ಮಡಿಸುತ್ತ ಸೀಟಿಯ ನೆನಪಾಯಿತು. ಅವನೊಬ್ಬ ಹಾರಾಟಗಾರ. ಸದಾ ಶಿಳ್ಳೆ ಹಾಕುತ್ತಿದ್ದದ್ದರಿಂದ ನಾವಿಟ್ಟ ಹೆಸರು ಅದು. ವಿಮಾನವನ್ನು ನಮ್ಮ ಸೂರಿನ ಮೇಲೆ ತರುವಾಗ ರೆಕ್ಕೆ ಅಲ್ಲಾಡಿಸುತ್ತಿದ್ದ, ನಾವು ಹಿತ್ತಿಲಲ್ಲಿ ಕೈ ಅಗಲಿಸಿ ಅಲ್ಲಾಡುತ್ತಿದ್ದೆವು. ಒಂದು ದಿನ ಹೋದ ವಿಮಾನಗಳಲ್ಲಿ ಅವನದು ವಾಪಸು ಬರಲಿಲ್ಲ. ಅವನ ಅಂಗಿಗಳು ನಮ್ಮ ಕಪಾಟಿನಲ್ಲೇ ಉಳಿದವು. ವಾರವಾರವೂ ಅಮ್ಮ ಅವನ್ನು ಬಿಚ್ಚಿ, ನೀರು ಚಿಮುಕಿಸಿ, ಹೊಸದಾಗಿ ಇಸ್ತ್ರಿ ಹಾಕಿ ಇಡುತ್ತಿದ್ದಳು. ಯುದ್ಧ ಮುಗಿದ ಮೇಲೂ.

ಇದನ್ನು ಅಣ್ಣನಿಗೆ ಆಡಿ ತೋರಿಸಲಿಲ್ಲ. ಬೇಡ ಅನ್ನಿಸಿತು.

ಫೆಬ್ರವರಿ ೧೭, ಸೋಮವಾರ

ಅಕ್ಷರ ಸೊಟ್ಟಗಾಗುತ್ತಿದೆ. ನಗುವಿನಿಂದ! ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ನಾನು ಅಣ್ಣನ ಲೋಟ ತೋರಿಸಿ, "ಅಣ್ಣ, ನಿನಗೆ ಇನ್ನೊಂದ್ ಸ್ವಲ್ಪ ಸಕ್ಕರೆ" ಎನ್ನುವಷ್ಟರಲ್ಲಿ ಅವನ ಅಂಗೈ ಎದ್ದಿತು. ಅದೇ ಹೊತ್ತಿಗೆ ಒಳಗೆ ಸೊಸೆ ಮಿಕ್ಸಿ ಹಾಕಿದಳು. ಅವರ ಮನೆ ಮಿಕ್ಸಿಯೋ, ಯುದ್ಧಕ್ಕೆ ಕಳಿಸಬಹುದು. ಸ್ವಲ್ಪ ಹೊತ್ತಿಗೆ ಸೊಸೆ ಇಣುಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಲ್ಲಾ, ಇಬ್ರೂ ಯಾಕೆ ಹೀಗೆ ಕೂತಿದೀರಿ? ಸಿಗ್ನಲ್ ಕೊಡ್ತಿದೀರಾ?"

ನೋಡಿಕೊಂಡೆ. ನನ್ನ ಅಂಗೈಯೂ ಮೇಲಿತ್ತು! ಕಣ್ಣು ಸೂರಿನ ಮೇಲೆ! ಇಷ್ಟು ವರ್ಷ ಲಾರಿಗೆ, ಮಿಕ್ಸಿಗೆ, ಪಕ್ಕದ ಮನೆಯ ಪಂಪಿಗೆ ನಾನು ಹೀಗೇ ಕೈ ಎತ್ತುತ್ತಿದ್ದೆನೇನೋ, ಒಂಟಿ ಹೆಂಗಸಿಗೆ ಹೇಳುವವರು ಯಾರು? ಮಿಕ್ಸಿ ನಿಂತಿತು. ನನ್ನ ಕೈ ಇಳಿಯಿತು, ಬಾಯಿ ತಾನಾಗಿ "ಬೇಕಾ?" ಎಂದು ವಾಕ್ಯ ಮುಗಿಸಿತು.

ಅಣ್ಣನ ಕೈ ಇಳಿಯಲಿಲ್ಲ.

ಆಗ ಹೊಳೆಯಿತು. ನಾನು ಎದ್ದು ಎರಡೂ ತೋಳು ಅಗಲಿಸಿ ಊಟದ ಮೇಜನ್ನು ಒಂದು ಸುತ್ತು ಹಾರಿ, ಅವನ ತಲೆಯತ್ತ ಬೆರಳು ಮಾಡಿ, ಹುಬ್ಬು ಹಾರಿಸಿದೆ: ಇದಾ? ಅಣ್ಣ ಎರಡೂ ಕಿವಿ ಮುಟ್ಟಿಕೊಂಡು ತಲೆ ಆಡಿಸಿದ. ಜೋರಾಗಿ, ಮತ್ತೆ ಮತ್ತೆ.

ಇವನಿಗೆ ಮರೆವಲ್ಲ, ಮುನಿಸಲ್ಲ, ಮಣ್ಣಲ್ಲ! ಕಿವಿಯೊಳಗೆ ವಿಮಾನ ಎದ್ದಿದೆ, ದಾಟುತ್ತಲೇ ಇಲ್ಲ. ಅಪ್ಪನ ಕಾನೂನು ಪಾಲಿಸುತ್ತ ಚಳಿಗಾಲವಿಡೀ ಕಾದು ಕೂತಿದ್ದಾನೆ, ನನ್ನ ಬಂಗಾರದಂಥ ಪೆದ್ದ!

ಫೆಬ್ರವರಿ ೧೮, ಮಂಗಳವಾರ

ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ದೀಪ ಬಿಟ್ಟು ಒಳಗೆ ಇಣುಕಿದವಳು ಹಿಂದೆ ಸರಿದು, "ಅಜ್ಜ, ಕಿವಿಗೆ ಏನು ಹಾಕಿದ್ರಿ?" ಎಂದು ಕೈಸನ್ನೆ ಮಾಡಿ ಕೂಗಿದಳು. ಅಣ್ಣ ಹೆಬ್ಬೆರಳಿನಿಂದ ಡಬ್ಬಿ ಒತ್ತುವಂತೆ ಮಾಡಿ ತೋರಿಸಿದ. ಟಕ್, ಟಕ್.

"ಅಪ್ಪಾ! ಮೆಷಿನ್ ಎಣ್ಣೆನಾ?" ಎಂದು ಮಗ ಚೀರಿದ.

ನೆಗಡಿಯಾಗಿ ಕಿವಿಯಲ್ಲಿ ಗುಂಯ್ ಎಂದಿದೆ. ಸದ್ದು ಬಂದದ್ದಕ್ಕೆಲ್ಲ ಒಂದು ತೊಟ್ಟು ಎಣ್ಣೆ ಬಿಡುವುದು ಜನ್ಮವೆಲ್ಲ ಮಾಡಿದ ಕೆಲಸ, ತನ್ನ ಕಿವಿಗೂ ಬಿಟ್ಟಿದ್ದಾನೆ. ನಿಲ್ಲಲಿಲ್ಲವೆಂದು ಇನ್ನಷ್ಟು ಬಿಟ್ಟಿದ್ದಾನೆ. ಒಳಗಿನ ಗುಗ್ಗೆಯ ಜೊತೆ ಎಣ್ಣೆ, ಧೂಳು, ನೂಲಿನ ಕಸ ಸೇರಿ ಬಿರಡೆಯಾಗಿ ಕೂತಿದೆ. ಡಾಕ್ಟರು ಬೆಚ್ಚಗಿನ ನೀರು ಹಾಯಿಸಿ, ಇಕ್ಕಳ ಹಾಕಿ, ಎಳೆದು ತೆಗೆದರು. ಹೊರಬಂದದ್ದನ್ನು ನೋಡಿ ಸೊಸೆ, "ಇದರಲ್ಲಿ ನನ್ನ ನೀಲಿ ಕುಪ್ಪಸದ ದಾರ ಇದೆ" ಎಂದಳು.

ಅಣ್ಣ ತಲೆ ಒದರಿದ. ಕಣ್ಣು ಮಿಟುಕಿಸಿದ. ಅಂಗೈ ಮೇಲಿತ್ತು. ನಿಧಾನವಾಗಿ ಇಳಿಸಿ ತೊಡೆಯ ಮೇಲೆ ಇಟ್ಟ. ಮಗನ ಕಡೆ ತಿರುಗಿ ಹೇಳಿದ:

"ಹೋಗಿಲ್ಲ ಕಣೋ, ಸ್ಟಾರ್ಟರ್ ಹೋಗಿದೆ."

ಯಾರಿಗೂ ತಲೆಬುಡ ತಿಳಿಯಲಿಲ್ಲ. ಮೊದಲು ಅರ್ಥವಾದದ್ದು ಸೊಸೆಗೆ. ಬಚ್ಚಲಿನ ಲೈಟು! ಚಳಿಗಾಲದ ಮೊದಲಲ್ಲಿ ಮಾವ "ಆ ಟ್ಯೂಬು" ಎಂದು ಶುರುಮಾಡಿ ಕೈ ಎತ್ತಿದ್ದರಂತೆ, ಅದೇ ಅವರ ಕೊನೆಯ ಮಾತು. ಅಲ್ಲಿಂದೀಚೆಗೆ ಮಗ ಸೊಸೆ ಟ್ಯೂಬು ಬದಲಾಯಿಸಿದ್ದೇ ಬದಲಾಯಿಸಿದ್ದು. ಅವಳು ನಗುತ್ತ ನಗುತ್ತ ಡಾಕ್ಟರ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಹುಡುಗ ಅಪ್ಪನ ಮಂಡಿ ಹಿಡಿದು ನೆಲದ ಮೇಲೆಯೇ ಕೂತುಬಿಟ್ಟ. ನಾನು ಅಳಲಿಲ್ಲ. ಕನ್ನಡಕಕ್ಕೆ ಆವಿ ಹೊಡೆದಿತ್ತು ಅಷ್ಟೇ.

ಫೆಬ್ರವರಿ ೨೨, ಶನಿವಾರ

ಪೂರ್ತಿ ಗೆದ್ದಿಲ್ಲ. ಬಲಗಿವಿ ಖಾಲಿ. ಎಡಗಿವಿಯಲ್ಲಿ ಒಂದು ಸಣ್ಣ ವಿಮಾನ ಉಳಿದಿದೆ, ಅದು ಹೋಗುವುದಿಲ್ಲ, ವಯಸ್ಸಿನದು ಎಂದಿದ್ದಾರೆ ಡಾಕ್ಟರು. ಅದು ಜೋರಾದಾಗ ಅಣ್ಣ ಮತ್ತೆ ಮಾತು ನಿಲ್ಲಿಸಿ ಅಂಗೈ ಎತ್ತುತ್ತಾನೆ. ಹುಡುಗ ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲ, ನೋಡಿದ್ದೇನೆ.

ಅಂಗಡಿಯಲ್ಲಿ ಅವನ ಪಕ್ಕ ಕೂತು, "ಮೊದಲೇ ಯಾಕೋ ಹೇಳ್ಲಿಲ್ಲ? ಒಂದು ಚೀಟಿ ಬರೆಯೋಕೂ ಆಗ್ಲಿಲ್ವಾ?" ಎಂದು ಗದರಿದೆ.

ಅವನು ಬಾಬಿನ್ನಿಗೆ ದಾರ ಸುತ್ತುತ್ತ, "ಈಗ ದಾಟುತ್ತೆ, ಆಮೇಲೆ ಹೇಳೋಣ ಅಂತಿದ್ದೆ ಪುಟ್ಟಿ" ಎಂದ. ದಾರದ ತುದಿ ಕತ್ತರಿಸಿ, "ಅವಳು ಹೋದ್ಮೇಲೆ ಮನೇಲಿ ಒಂದ್ ಸದ್ದಿರಲಿಲ್ಲ. ಇದಾದ್ರೂ ಇರಲಿ ಅನ್ನಿಸ್ತು" ಎಂದ.

ನನ್ನ ರೇಡಿಯೋ ಕಣ್ಣಮುಂದೆ ಬಂತು. ಯಾಕೋ ಗೊತ್ತಿಲ್ಲ.

"ಯುದ್ಧ ಮುಗಿದು ಎಷ್ಟು ಕಾಲ ಆಯ್ತು? ಅಪ್ಪನ ಕಾನೂನು ರದ್ದು. ಅದರ ಮೇಲೆಯೇ ಕಿರುಚು!" ಎಂದೆ.

"ಕಿರುಚೋಕೆ ನಾಚಿಕೆ ಆಗುತ್ತೆ ಕಣೆ."

"ಹಾಗಾದ್ರೆ ಕೇಳು. ಆ ದಿನ ಬೇಲಿ ಕಿಂಡಿ ಮುಚ್ಚದೆ ಮೇಕೆ ಬಿಟ್ಟವನು ನೀನೇ."

ಅವನ ಕೈ ಏಳುವುದರಲ್ಲಿತ್ತು, ಅರ್ಧಕ್ಕೇ ನಿಂತಿತು. "ಯಾರು? ನಾನಾ? ಮೇಕೆ ಹಗ್ಗ ಬಿಚ್ಚಿ ಅದರ ಮೇಲೆ ಸವಾರಿ ಮಾಡ್ತೀನಿ ಅಂತ ಹೋದವಳು ಯಾರೇ?" ಎಂದು ಕಿರುಚಿದ. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಬ್ರೇಕು ಹಾಕಿದ.

ಸುಳ್ಳು. ಶುದ್ಧ ಸುಳ್ಳು. ನಾನು ಸವಾರಿ ಮಾಡಲು ಹೋದದ್ದು ಬೇರೆ ದಿನ.

ಮಾರ್ಚ್ ೧, ಶನಿವಾರ

ಹುಡುಗ ಆರೈಕೆ ಮನೆಗೆ ಬೇಡವೆಂದು ಹೇಳಿದ್ದನಂತೆ, ಆದರೂ ಬೆಳಿಗ್ಗೆ ವ್ಯಾನು ಬಂದು ನಿಂತಿತು. ಬಿಳಿ ಕೋಟಿನ ಮೇಟ್ರನ್ ಇಳಿದು ಅಂಗಡಿಯೊಳಗೆ ಬಂದಳು. ಅಣ್ಣ ಗಿರಾಕಿಯೊಬ್ಬಳಿಗೆ ಬೆಲ್ಟು ಸಡಿಲವಾದರೆ ಏನು ಮಾಡಬೇಕೆಂದು ಘಂಟಾಘೋಷವಾಗಿ ಬೋಧಿಸುತ್ತಿದ್ದ. ನಾನು ಮೂಲೆಯಲ್ಲಿ ಸ್ಟೂಲಿನ ಮೇಲೆ ನಿಂತು, ತೋಳು ಅಗಲಿಸಿ, ಇನ್ನೊಬ್ಬ ಗಿರಾಕಿಗೆ ಸೀಟಿ ಹೇಗೆ ರೆಕ್ಕೆ ಅಲ್ಲಾಡಿಸುತ್ತಿದ್ದನೆಂದು ತೋರಿಸುತ್ತಿದ್ದೆ.

ಮೇಟ್ರನ್ ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು. ಸೀದಾ ಬಂದು ನನ್ನ ಮೊಣಕೈ ಹಿಡಿದಳು.

"ಬನ್ನಿ ಅಮ್ಮ, ನಿಧಾನ. ಒಳ್ಳೆ ರೂಮು ಇಟ್ಟಿದೀವಿ, ಕಿಟಕಿ ಇದೆ."

"ನಾನಲ್ಲ ಕಣಮ್ಮ!"

"ಎಲ್ಲರೂ ಮೊದಲು ಹಾಗೇ ಅಂತಾರೆ."

"ಅಣ್ಣಾ! ಹೇಳೋ!"

ಅಣ್ಣ ನನ್ನ ಕಡೆ ತಿರುಗಿದ. ಗಂಭೀರವಾಗಿ ಅಂಗೈ ಎತ್ತಿ ಸೂರು ನೋಡತೊಡಗಿದ. ಪಾಪಿ! ಮೀಸೆಯಡಿ ನಗು. ನನ್ನನ್ನು ವ್ಯಾನಿನ ಮೆಟ್ಟಿಲಿನವರೆಗೂ ಕಳಿಸಿ, ಆಮೇಲೆ ಹೊರಬಂದು, "ಬಿಡಮ್ಮ ಅವಳನ್ನ. ಅವಳ ಕಾಟ ನನಗೇ ಇರಲಿ. ನಿಮ್ಮಲ್ಲಿರೋರು ಅಷ್ಟು ಗಟ್ಟಿ ಜೀವ ಅಲ್ಲ" ಎಂದ.

ವ್ಯಾನು ಖಾಲಿ ಹೋಯಿತು. ಹುಡುಗ ಪೆಟ್ಟಿಗೆ ಬಿಚ್ಚಿ ಅಂಗಿಗಳನ್ನು ಕಪಾಟಿಗೆ ಜೋಡಿಸಿದ. ನಾನು ನಾಳೆ ಹೊರಡುತ್ತೇನೆ ಎಂದೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ. ನಾಳೆ ಮತ್ತೆ ಹೇಳಿದರಾಯಿತು.

ಮಾರ್ಚ್ ೧೫, ಶನಿವಾರ

ಇಷ್ಟು ದಿನ ಬರೆಯಲೇ ಇಲ್ಲ. ಈವತ್ತಾದರೂ ಬರೆಯೋಣವೆಂದು ಕೂತೆ. ಬೆಳಿಗ್ಗೆ ದರ್ಜಿಯ ಅಂಗಡಿಯಲ್ಲಿ ಒಂದು ಭಾರೀ ತಮಾಷೆ ನಡೆಯಿತು, ಆದರೆ ಅದನ್ನು ಅಣ್ಣನಿಗೆ ಆಗಲೇ ಹೇಳಿದೆ. ಮಧ್ಯಾಹ್ನದ್ದು ಸೊಸೆಗೆ ಹೇಳಿದೆ. ಒಂದೇ ವಿಷಯವನ್ನು ಎಷ್ಟು ಸಲ ಹೇಳುವುದು? ಬೇಜಾರು.

ಅಣ್ಣ ಕೆಳಗಿನಿಂದ ಕಿರುಚುತ್ತಿದ್ದಾನೆ, ಚಹಾ ಆರುತ್ತಿದೆಯಂತೆ.